ಟಿಫನ್ ಕ್ಯಾರಿಯರ್‌ನಲ್ಲಿ ತಂದ ಗಿಡ

ಮದ್ರಾಸ್, ೯-೭-೧೯೭೯

ಅವ್ವನಿಗೆ ತಮ್ಮಯ್ಯನ ನಮಸ್ಕಾರ. ಕೈಲಿರೋ ಕೆಲಸ ಬಿಟ್ಟು ಕೇಳು.

ನಮ್ಮ ನರ್ಸರಿಗೆ ಬಂದ ಗುಲಾಬಿ ಸಸಿ ಇವತ್ತು ಹಡಗಿನಿಂದ ಇಳೀತು. ಬೇರಲ್ಲಿ ಮಣ್ಣಿದೆ ಅಂತ ಬಂದರಿನ ಆಫೀಸರು ಅಷ್ಟನ್ನೂ ನನ್ನ ಕಣ್ಣೆದುರೇ ಬೆಂಕಿಗೆ ಹಾಕಿಸಿದ್ರು. ಹೊರದೇಶದ ಮಣ್ಣು ಒಂದು ಚಿಟಿಕೇನೂ ಒಳಗೆ ಬರಬಾರದಂತೆ. ಭೂತಗನ್ನಡೀಲಿ ತೋರಿಸಿದ್ರು, ಸಾಸಿವೆಗಿಂತ ಸಣ್ಣ ಹುಳದ ಮೊಟ್ಟೆ. ಆಲೂಗಡ್ಡೆ ಹೊಲಕ್ಕೆ ಬಿದ್ರೆ ಇಪ್ಪತ್ತು ವರ್ಷ ಆದ್ರೂ ಹೋಗಲ್ಲವಂತೆ. ಅಲ್ಲಿಂದ ಬಂದವನೇ ಈ ಕಾಗದ ಬರೀತಿದೀನಿ.

ಯುಗಾದೀಲಿ ನಾನು ಟಿಫನ್ ಕ್ಯಾರಿಯರ್‌ನಲ್ಲಿ ತಂದ ಕೆಂಪು ಹೂವಿನ ಗಿಡ ಯಾರೂ ಕೊಟ್ಟದ್ದಲ್ಲ ಕಣವ್ವ. ಇದೇ ಬಂದರಿನಲ್ಲಿ ಮಣ್ಣು ಸಮೇತ ಕದ್ದದ್ದು. ನಮ್ಮ ಹಿತ್ತಲಿಗೂ ಆಲೂಗಡ್ಡೆ ಹೊಲಕ್ಕೂ ನಡುವೆ ಒಂದು ಬೇಲಿ ಅಷ್ಟೇ. ಈಗಲೇ ಕಿತ್ತು, ಬುಡದ ಮಣ್ಣೂ ಬಾಚಿ ಹಂಡೆ ಒಲೆಗೆ ಹಾಕು. ಗುದ್ದಲೀನ ಕುದಿಯೋ ನೀರಲ್ಲಿ ತೊಳಿ.

ನನ್ನ ಕೆಮ್ಮು ವಾಸಿಯಾಗಿದೆ. ಶನಿವಾರ ಅಜ್ಜಂಪುರಕ್ಕೆ ರೈಲಲ್ಲಿ ಬತ್ತೀನಿ.

ಪೋಸ್ಟ್ ಓಂಕಾರಮೂರ್ತಿಯೋರೇ, ಅವ್ವನಿಗೆ ಇದನ್ನ ಓದಿ ಹೇಳ್ತಿರೋರು ನೀವೇ. ನಿಮ್ಮನೇವ್ರು ಬೇರು ಸಮೇತ ಒಯ್ದ ಮರೀನೂ ಆ ಗಿಡದ್ದೇ. ಈ ಸಾಲು ನುಂಗಬೇಡಿ, ಅವ್ವನಿಗೆ ಕೇಳೋ ಹಾಗೆ ಗಟ್ಟಿಯಾಗಿ ಓದಿ.