ಗಂಜಿ ಬಿಟ್ಟ ನಕ್ಷೆ

ಕುಪ್ಪಗಡ್ಡೆ
೧೨-೧೧-೧೯೫೮

ಮೋಜಣಿದಾರ ಮಹೇಶ್ವರಪ್ಪನವರಿಗೆ,

ಹೆಂಡತಿ ಗಂಡನ ಹೆಸರು ಬರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಬರೆದಿದ್ದೇನೆ. ಬಾಣಂತಿಯ ಕಾಗದವೆಂದು ಕ್ಷೇಮ ಸಮಾಚಾರ ಹುಡುಕಬೇಡಿ. ಕೂಸು ಚೆನ್ನಾಗಿದೆ, ಅಷ್ಟು ಸಾಕು.

ನೀವು ಶಿಕಾರಿಪುರದಿಂದ ನನ್ನ ಅಣ್ಣನ ಕೈಯಲ್ಲಿ ಕಳಿಸಿದ ನಾಲ್ಕು ತುಂಡು ನಕ್ಷೆ ಬಟ್ಟೆ, ಗಂಜಿ ಹಾಕಿ ಕಾಗದದಂತೆ ಬಿರುಸು ಮಾಡಿದ್ದು, ಬಂತು. ಬಿಸಿನೀರಲ್ಲಿ ನೆನೆಹಾಕಿ ತಿಕ್ಕಿದರೆ ಗಂಜಿಯೆಲ್ಲ ಬಿಟ್ಟು ಹಳೇ ಪಂಚೆಯಷ್ಟು ಮೆತ್ತಗಾಗುತ್ತದೆ, ಕೂಸಿಗೆ ಕುಲಾವಿ, ಅಂಗಿ ಹೊಲಿ ಎಂದು ಚೀಟಿ ಬರೆದಿದ್ದಿರಿ. ಸರ್ವೆಯವರ ಮನೆಯ ಕೂಸುಗಳೆಲ್ಲ ಹಳೇ ನಕ್ಷೆ ತೊಟ್ಟೇ ಬೆಳೆದವು, ಅದರಲ್ಲಿ ಹೊಸತೇನಿಲ್ಲ. ನಾಲ್ಕನ್ನೂ ಒಗೆದೆ. ಒಣಗಿದ ಮೇಲೆ ನೋಡಿದರೆ, ಕುಲಾವಿಗೆಂದು ಕತ್ತರಿಸಿದ ತುಂಡಿನಲ್ಲಿ ಕರೀ ಶಾಯಿ ಪೂರ್ತಿ ಹೋಗಿರಲಿಲ್ಲ. ಕೆರೆ ಏರಿ, ಅದರ ಕೆಳಗೊಂದು ಹುಣಸೆಮರ, ಮರದಾಚೆ ಅರ್ಧಕ್ಕೆ ನಿಂತ ಗಡಿಗೆರೆ.

ಮರದಾಚೆ. ನೀವು ಈ ವರ್ಷ ಬರೆದ ಹೊಸ ನಕ್ಷೆಯಲ್ಲಿ ಅದೇ ಗೆರೆ ಮರದ ಈಚೆಗಿದೆ. ನಡುವಿನ ಹನ್ನೆರಡು ಗುಂಟೆ, ಗಂಡ ಸತ್ತ ಮೇಲೆ ನೆರೆಮನೆಯ ವರದಮ್ಮ ತಾನೇ ಕೆಸರಿಗಿಳಿದು ನಾಟಿ ಮಾಡುತ್ತಿದ್ದ ಗದ್ದೆ. ಈಗ ಅದು ನಿಮ್ಮ ಸೋದರಮಾವ ಶಿವಮೂರ್ತಪ್ಪನದು. ಹಳೇ ನಕ್ಷೆ ಎಲ್ಲಿ ಎಂದು ಮೇಲಿನವರು ಕೇಳಿದ್ದಕ್ಕೆ ಗೆದ್ದಲು ತಿಂದಿದೆ ಎಂದು ಬರೆದುಕೊಟ್ಟಿದ್ದೀರಂತೆ. ಗೆದ್ದಲು ತಿಂದ ನಕ್ಷೆ ನಿಮ್ಮ ಮಗಳ ತಲೆಯ ಮೇಲಿದೆ.

ಮೊನ್ನೆ ಕೂಸನ್ನು ನೋಡಲು ಬಂದ ವರದಮ್ಮ, "ಬಾಂದು ಕಲ್ಲಿಗೂ ಕಾಲು ಬಂತಲ್ಲೇ ಹಾಲವ್ವ. ನಿನ್ನ ಗಂಡ ಎಂಥ ಔಷಧಿ ಕೊಟ್ಟಿದ್ನೇ?" ಎಂದು ನಗುತ್ತಲೇ ಕೇಳಿದಳು.

ಮದುವೆಯಾದ ವರ್ಷ ನೀವು ಬಟ್ಟೆಗೆ ಸೀಮೆಸುಣ್ಣದ ಪುಡಿ ತಿಕ್ಕಿ, ಗೆರೆ ಪೆನ್ನಿನ ಎರಡು ತುಟಿಗಳ ನಡುವೆ ಒಂದೇ ಹನಿ ಶಾಯಿ ಬಿಟ್ಟು, ನನ್ನ ಕೈ ಹಿಡಿದು ಗೆರೆ ಎಳೆಸಿದಿರಿ. ಉಸಿರು ಬಿಗಿಹಿಡಿ, ಸರಪಳಿ ಅಳೆದದ್ದನ್ನು ಕೈ ಸುಳ್ಳಾಗಿಸಬಾರದು ಎಂದಿರಿ. ಆ ಮಾತಿಗೆ ನಾನು ಸೋತಿದ್ದೆ. ನಾಲ್ಕಾಣೆ ಪುಸ್ತಿಕೆ ಓದಿ ಕೆಟ್ಟವಳೆಂದು ನಿಮ್ಮ ಮನೆಯಲ್ಲಿ ನನ್ನನ್ನು ಆಡಿಕೊಳ್ಳುತ್ತೀರಿ. ದುಡಿಯುವವರ ನೆಲ ಕಸಿಯುವವರು ಜಮೀನ್ದಾರರು ಎಂದಷ್ಟೇ ಆ ಪುಸ್ತಿಕೆಗಳು ಹೇಳಿದ್ದವು. ಅವರಿಗೆ ಗೆರೆ ಎಳೆದುಕೊಡುವ ಕೈ ಯಾರದೆಂದು ನಿಮ್ಮಿಂದ ಕಲಿತೆ.

ಸೋಮವಾರ ಸೊರಬದಲ್ಲಿ ಅಮಲ್ದಾರರ ಮುಂದೆ ವರದಮ್ಮನ ವಿಚಾರಣೆಯಿದೆ. ಒಗೆದ ಕುಲಾವಿಯನ್ನು ಸಾಕ್ಷಿಯೆಂದು ಯಾರೂ ಒಪ್ಪುವುದಿಲ್ಲ. ನೀವೇ ಬಂದು, ಗೆರೆ ಸರಿಸಿದವನು ನಾನು ಎಂದು ಹೇಳಬೇಕು. ಹೇಳದಿದ್ದರೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಈ ಹೊಸ್ತಿಲು ತುಳಿಯಬೇಡಿ.

ಇತಿ,
ಹಾಲಮ್ಮ

ವಿ.ಸೂ.: ನಾಲ್ಕನ್ನೂ ಒಗೆದೆ, ಒಣಗಿದ ಮೇಲೆ ಕಂಡೆ ಎಂದು ಬರೆದದ್ದು ಸುಳ್ಳು. ನೆನೆಹಾಕುವ ಮೊದಲೇ ಓದಿದ್ದೆ. ನಿಮ್ಮ ಕೆಲಸ ಹೋದೀತು, ಜೈಲಾದೀತು ಎಂದು, ಗೊತ್ತಿದ್ದೂ ಮೂರು ತುಂಡು ತಿಕ್ಕಿ ತಿಕ್ಕಿ ಒಗೆದೆ. ನಾಲ್ಕನೆಯದರಲ್ಲಿ ಗೆರೆಯ ಉಳಿದರ್ಧ, ವರದಮ್ಮನ ಗಂಡನ ಹೆಸರು, ಕಚೇರಿಯ ಮೊಹರು ಎಲ್ಲವೂ ಇದ್ದವು. ಅದನ್ನು ನೀರಿಗೆ ಹಾಕಲು ಕೈ ಬರಲಿಲ್ಲ. ಇಂದು ಬೆಳಿಗ್ಗೆ ಅವಳ ಮಡಿಲಿಗೆ ಹಾಕಿದೆ. ಸೋಮವಾರ ನೀವಾಗಿ ಒಪ್ಪುತ್ತೀರೋ ಇಲ್ಲವೋ ನೋಡುವವರೆಗೆ ಅದನ್ನು ಬಿಚ್ಚಬೇಡ ಎಂದು ಬೇಡಿಕೊಂಡೆ. ಅವಳು ಹೂಂ ಎನ್ನಲಿಲ್ಲ.