ಕೊನೆಯಿಂದ ಓದಿದ ಜಪಾನಿ ಪುಸ್ತಕ

ಅಫಜಲಪುರ
ರವಿವಾರ, 12 ಜನವರಿ 2025

ಪ್ರೀತಿಯ ಹಫೀಜ ಭೈಯ್ಯಾ,

ನಿನ್ನ ತಂಗಿ ಮಿನಾಜಳ ಸಲಾಮು. ಹೈದರಾಬಾದಿನಲ್ಲಿ ಚಳಿ ಹೇಗಿದೆ? ಬೇಕರಿಯ ಭಟ್ಟಿ ಮುಂದೆ ಬೆವರಿ ಹಾಗೇ ಹೊರಗೆ ಬಂದು ತಣ್ಣೀರು ಕುಡಿಯಬೇಡ, ನಿನ್ನ ಕೆಮ್ಮು ನನಗೆ ಗೊತ್ತು. ಕೈ ಸುಟ್ಟಿದ್ದು ಮಾಯಿತೇ? ಇಲ್ಲಿ ಅಬ್ಬಾ ದಿನಾ ಕಬ್ಬಿನ ಗಾಡಿಯ ಜೊತೆ ಹವಳಗಾದ ಫ್ಯಾಕ್ಟರಿಗೆ ಹೋಗುತ್ತಾರೆ, ಮೈಯೆಲ್ಲ ಬೆಲ್ಲದ ವಾಸನೆ ಹೊತ್ತು ಬರುತ್ತಾರೆ. ನನ್ನ ಹೊಲಿಗೆ ಮಶಿನ್ನು ಓಡುತ್ತಿದೆ. ಅಮ್ಮಿ ಊಟ ಚೆನ್ನಾಗಿ ಮಾಡುತ್ತಾಳೆ, ನಿದ್ದೆ ಬರುತ್ತದೆ, ನನ್ನನ್ನು ಬೈಯುವುದಕ್ಕೆ ಶಕ್ತಿಯೂ ಇದೆ. ಎಡಗಣ್ಣು ಹೋದದ್ದು ಹೋಯಿತು. ಬಲಗಣ್ಣಿನ ಪೊರೆ ಈಗ ಬಹಳ ದಪ್ಪವಾಗಿ ಎದುರಿಗೆ ನಿಂತವರ ನೆರಳಷ್ಟೇ ಕಾಣುತ್ತದೆ.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನನಗೆ ಬಾಯಿಯೇ ಬರುವುದಿಲ್ಲ. ನೀನೂ "ಹೂಂ, ಇಡ್ತೇನಿ" ಎಂದು ಇಟ್ಟುಬಿಡುತ್ತೀ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಹೇಳಬೇಕಾದದ್ದು ನಿನ್ನ ಜಪಾನಿ ಪುಸ್ತಕದ ವಿಷಯ.

ನೀನು ಬಿಟ್ಟುಹೋದ ಹಾಸಿಗೆ ಬಿಸಿಲಿಗೆ ಹಾಕುವಾಗ ಅದು ಕೆಳಗೆ ಬಿತ್ತು. ಅದೇ, ಫುಟ್‌ಪಾತಿನಲ್ಲಿ ಕೊಂಡು ತಂದಿದ್ದ ಇಟ್ಟಂಗಿಯಷ್ಟು ದಪ್ಪದ ಚಿತ್ರದ ಕಥೆ. ಅಮ್ಮಿ ಅದನ್ನು ತಡವಿ ನೋಡಿ, "ಇದರಾಗ ಏನದ ಅಂತ ಇವ ದಿನಾ ಮಾರಿ ಮ್ಯಾಲೆ ಇಟ್ಕೊಂಡು ಮಲಗ್ತಿದ್ದ? ಹೇಳ ಬೇ ನನಗ" ಎಂದಳು. ಜಪಾನಿನ ಕಥೆಯಾದರೂ ಅಕ್ಷರವೆಲ್ಲ ಇಂಗ್ಲಿಷಿನವು, ಅದು ನನಗೆಲ್ಲಿ ಬರಬೇಕು? ಚಿತ್ರ ನೋಡಿ ಹೇಳುತ್ತೇನೆ ಎಂದೆ. ಮಧ್ಯಾಹ್ನದ ಊಟ ಆದ ಮೇಲೆ ಪಕ್ಕದ ಮನೆಯ ಬಾಳಮ್ಮ ಕಾಕುವೂ ಎಲೆಯಡಿಕೆಯ ಚೀಲ ಹಿಡಿದು ಬಂದು ಕೂತಳು. ನಾನು ಮೊದಲ ಪುಟ ತೆರೆದೆ. ಸಮುದ್ರದ ದಂಡೆಯ ಊರು, ಸಣ್ಣ ಮನೆ, ಗಿಡ್ಡ ಮೇಜು. ತಾಯಿ ಮತ್ತು ಮಗ ಬಟ್ಟಲು ಹಿಡಿದು ಊಟ ಮಾಡುತ್ತಿದ್ದಾರೆ, ಇಬ್ಬರೂ ನಗುತ್ತಿದ್ದಾರೆ. ಆಮೇಲಿನ ಪುಟಗಳಲ್ಲಿ ಮಗ ಬಾಗಿಲ ಹೊರಗೆ ನಿಂತಿದ್ದಾನೆ, ಆಮೇಲೆ ಅಳುತ್ತಿದ್ದಾನೆ. "ಉಂಡ ಮ್ಯಾಲೆ ಯಾಕ ಅಳ್ತಾನ? ಖಾರ ಭಾಳ ಆಗಿತ್ತೇನು?" ಎಂದು ಬಾಳಮ್ಮ ಕಾಕು ಕೇಳಿದಳು.

ಅಮ್ಮಿ ಪುಸ್ತಕವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಎರಡೂ ಅಂಚು ಸವರಿದಳು. "ಸಿಪಾರಾ ಓದಿಸಿದ್ದೆಲ್ಲ ಎಲ್ಲಿ ಹೋತು ಬೇ? ಕುರಾನ್ ಯಾವ ಕಡಿಂದ ತೆಗೀತಿ, ಇದನ್ನೂ ಆ ಕಡಿಂದ ತೆಗದು ನೋಡು" ಎಂದಳು. ತಿರುಗಿಸಿ ಬಲಗಡೆಯಿಂದ ತೆಗೆದರೆ ಕಥೆ ಅಲ್ಲಿಂದಲೇ ಶುರುವಾಗಿತ್ತು! ನಾನು ಕನ್ನಡ ಶಾಲೆಯ ಬುದ್ಧಿಯಲ್ಲಿ ಕೊನೆಯನ್ನೇ ಮೊದಲು ಓದಿದ್ದೆ. ಬಾಳಮ್ಮ ಕಾಕುವಿನ ಸೊಸೆ ಜಯಮಾಲಾ ಪಿಯುಸಿ ಓದಿದವಳು. ನಾನು ತೆರೆದಿದ್ದ ಕಡೆ ದೊಡ್ಡ ಅಕ್ಷರದಲ್ಲಿ 'ನಿಲ್ಲಿ, ಇದು ಪುಸ್ತಕದ ಕೊನೆ' ಎಂದೇ ಬರೆದಿದೆ ಎಂದು ಅವಳು ಓದಿ ಹೇಳಿದಾಗ ಕಾಕು ನಕ್ಕೂ ನಕ್ಕೂ ಎಲೆಯಡಿಕೆ ಸೀರೆಯ ಮೇಲೆ ಚೆಲ್ಲಿಕೊಂಡಳು.

ಅಲ್ಲಿಂದ ದಿನವೂ ನಮ್ಮ ಕೂಟ. ಕಥೆ ನಿನಗೆ ಗೊತ್ತೇ ಇದೆ. ದೋಣಿಗಳಿಗೆ ದಾರಿ ತೋರಿಸುವ ದೀಪದ ಗೋಪುರ, ಅದನ್ನು ಕಾಯುವ ಹುಡುಗ. ಒಂದು ಸಂಜೆ ದೀಪ ಆರಿ ಅವನ ತಂದೆಯ ದೋಣಿ ಬಂಡೆಗೆ ಬಡಿಯುತ್ತದೆ. ದೀಪ ಆರಿಸಿದವರು ಯಾರು? ಗೋಪುರದ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರೆ ಹುಡುಗ ಅದೇ ಸಂಜೆಗೆ ವಾಪಸು ಹೋಗುತ್ತಾನೆ. ಮತ್ತೆ ಮತ್ತೆ ಹೋಗುತ್ತಾನೆ. ಒಮ್ಮೆ ಎಣ್ಣೆ ಅಂಗಡಿಯವನನ್ನು ಹಿಡಿಯುತ್ತಾನೆ, ಒಮ್ಮೆ ಸ್ವಂತ ಗೆಳೆಯನನ್ನು. ದೀಪ ಮಾತ್ರ ಪ್ರತಿ ಸಲವೂ ಆರುತ್ತದೆ. "ಎಣ್ಣಿ ಅಂಗಡಿಯವನೇ ಬರೋಬರಿ, ಅವನ ಮೀಸಿ ಹ್ಯಾಂಗದ ಅಂತ ಹೇಳಿದಿಯಲ್ಲ" ಎಂದು ಬಾಳಮ್ಮ ಕಾಕುವಿನ ತೀರ್ಪು. "ಮೀಸಿ ಇದ್ದವರೆಲ್ಲ ಕಳ್ಳರಾದ್ರ ನಿನ್ನ ಗಂಡ?" ಎಂದು ಅಮ್ಮಿ ಕೇಳಿದ್ದಕ್ಕೆ, "ಅವ ನನ್ನ ನಿದ್ದಿ ಕದ್ದಾನ ತಾಯಿ, ಗೊರಕಿ ಹೊಡದು" ಎಂದಳು. ಅಮ್ಮಿ ಹಾಗೆ ನಕ್ಕಿದ್ದನ್ನು ನಾನು ಕೇಳಿ ಒಂದು ವರ್ಷವಾಗಿತ್ತು, ಭೈಯ್ಯಾ.

ಹುಡುಗ ಸೋತು ಮೆಟ್ಟಿಲ ಮೇಲೆ ಕೂತ ಪುಟ ಬಂದಾಗ ನನಗೆ ಹೇಳಲು ಕಷ್ಟವಾಯಿತು. ಅಮ್ಮಿಗೇನೂ ಚಿಂತೆ ಇರಲಿಲ್ಲ. "ಓದು ಓದು, ಹೆದರಬ್ಯಾಡ. ಅವ ಮನಿಗೆ ಬಂದು ತಾಯಿ ಕೂಡ ಉಣ್ತಾನ, ನಾವು ಮೊದಲೇ ನೋಡೇವಿ" ಎಂದಳು.

ಇದೇ ಕಥೆಯ ಸಿನಿಮಾವನ್ನು ಜಯಮಾಲಾಳ ಫೋನಿನಲ್ಲಿ ಹಿಂದಿ ಮಾತಿನಲ್ಲಿ ಹಾಕಿದೆವು. ಮೊದಲು ಬಂದದ್ದು ಕಾರ್ಟೂನು, ಅದು ಅರ್ಧ ಕಥೆಗೇ ಮುಗಿಯಿತು. ಆಮೇಲೆ ನಿಜವಾದ ನಟರು ಮಾಡಿದ ಸಿನಿಮಾ, ಹೋಗುವ ಮೊದಲು ನೀನು ಕಂಬಳಿಯೊಳಗೆ ಮತ್ತೆ ಮತ್ತೆ ನೋಡುತ್ತಿದ್ದದ್ದು. ಅದರಲ್ಲಿ ಕಿಟಕಿಯ ಚಿಲಕ ಹಾಕಲು ಮರೆತವನು ಆ ಹುಡುಗನೇ, ತಪ್ಪು ಅವನದೇ. ಕೊನೆಗೆ ಅವನು ತಾಯಿಗೆ ಮುಖ ತೋರಿಸದೆ ರೈಲು ಹತ್ತುತ್ತಾನೆ. ಅಮ್ಮಿ ಫೋನು ಬಂದ್ ಮಾಡಿಸಿದಳು. "ಸುಳ್ಳು ಅದ ಇದು. ಪುಸ್ತಕದಾಗ ಹಿಂಗಿಲ್ಲ" ಎಂದು ಸಿಟ್ಟಾದಳು. ನೀನು ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿದ್ದೀ. ನೀನು ಮಡಚಿದ ಪುಟ ಅಲ್ಲೇ ಇತ್ತು. ಆದ್ದರಿಂದ ಅದರಲ್ಲಿ ಏನಿದೆ ಎಂದು ನಾನು ಹೇಳುತ್ತೇನೆ, ಕೇಳು.

ಕೊನೆಯ ಸಲ ಹುಡುಗ ವಾಪಸು ಹೋದಾಗ ಯಾರನ್ನೂ ಹಿಡಿಯಲು ಓಡುವುದಿಲ್ಲ. ದೀಪದ ಪಕ್ಕದಲ್ಲೇ ಸುಮ್ಮನೆ ಕೂರುತ್ತಾನೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಚಿಲಕ ಹಾಕಿದೆ. ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ಬಂದು ಗಾಜು ಒಡೆದು ದೀಪ ಆರಿಸುತ್ತದೆ. ಆ ಪುಟದಲ್ಲಿ ಒಂದೇ ಒಂದು ಮಾತಿದೆ, ಜಯಮಾಲಾ ಓದಿದಳು: 'ಗಾಳಿ'.

ಬಾಳಮ್ಮ ಕಾಕು ಮೀಸೆಯವನನ್ನು ಬಿಟ್ಟುಕೊಡಲು ಸಿದ್ಧಳಿರಲಿಲ್ಲ. ಅಮ್ಮಿ ಮಾತ್ರ ಹೊರಗಿನ ಸದ್ದಿಗೆ ಕಿವಿ ಕೊಟ್ಟಳು. ಹೊರಗೆ ಯಾರದೋ ಹೊಲದಲ್ಲಿ ತೊಗರಿ ರಾಶಿಯ ಮಶಿನ್ನು ನಡೆದಿತ್ತು. ಆಮೇಲೆ ಹೇಳಿದಳು: "ಹೋದ ವರ್ಷ ನಮ್ಮ ರಾಶಿ ದಿನ ಹಫೀಜ 'ಅಮ್ಮೀ, ಚಹಾ ತಾ' ಅಂತ ಕೂಗಿದಾಗ ಹೊಟ್ಟು ಹೊಳಿ ಕಡೆ ಹಾರ್ತಿತ್ತು. ಅದನ್ನ ನೋಡೇ ನಾ ಈ ಕಡಿಂದ ಕೆಟ್ಲಿ ಹಿಡಕೊಂಡು ಬಂದೆ. ಮಶಿನ್ ಹತ್ರ ಬರೂದಕ್ಕ ಗಾಳಿ ಹೊಳ್ಳಿತು, ಹೊಟ್ಟೆಲ್ಲ ಬಂದು ಎಡಗಣ್ಣಿಗೆ ಬಡೀತು. ಗಾಳಿ ಮ್ಯಾಲೆ ಯಾರು ಕೇಸ್ ಹಾಕ್ತಾರ ಬೇ?"

ಭೈಯ್ಯಾ, ಆ ದಿನದಿಂದ ನಿನ್ನ ಬಾಯಲ್ಲಿ ಒಂದೇ ಮಾತು: "ನಾ ಚಹಾಕ್ಕ ಕೂಗಿರದಿದ್ದರ." ರಮಜಾನಿಗೆ ಮೊದಲು ಹೋದವನು ಬಕ್ರೀದಿಗೂ ಬರಲಿಲ್ಲ. ಅಮ್ಮಿಗೆ ನಿನ್ನ ಮೇಲೆ ಸಿಟ್ಟಿದೆ ಎಂದುಕೊಂಡಿದ್ದೀಯೇನೋ. ಇದೆ. ಕಣ್ಣಿಗಾಗಿ ಅಲ್ಲ, ನೀನು ಬಾರದೆ ಇರುವುದಕ್ಕೆ. "ಹೊಳ್ಳಿ ಹೊಳ್ಳಿ ಆವತ್ತಿಗೇ ಯಾಕ ಹೋಗ್ತಾನ ಹುಚ್ಚ? ಇವತ್ತು ನಾ ಇಲ್ಲೇ ಕುಂತೇನಲ್ಲ" ಎನ್ನುತ್ತಾಳೆ.

ಅಬ್ಬಾ ದುವಾ ಹೇಳಿದ್ದಾರೆ. ಬಾಳಮ್ಮ ಕಾಕು ಬರುವಾಗ ಉಸ್ಮಾನಿಯಾ ಬಿಸ್ಕೀಟು ತಾ ಎನ್ನುತ್ತಾಳೆ, ಮೆತ್ತಗಿನವು, ಹಲ್ಲಿಲ್ಲ ಅವಳಿಗೆ. ಅಲ್ಲಾಹ್ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ತಂಗಿ,
ಮಿನಾಜ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯುತ್ತಿದ್ದೇನೆ. ನೀನು ಹೆದರುತ್ತೀ ಎಂದು ಅಮ್ಮಿ ಬರೆಯಬೇಡ ಎಂದಿದ್ದಳು. ಬರುವ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ, ಇಪ್ಪತ್ತನೇ ತಾರೀಖು, ಕಲಬುರ್ಗಿಯ ದವಾಖಾನೆಯಲ್ಲಿ ಅವಳ ಬಲಗಣ್ಣಿನ ಪೊರೆ ತೆಗೆಯುತ್ತಾರೆ. ಮಂಗಳವಾರ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರೆ. ಚೆನ್ನಾಗಿ ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಕೊನೆಯ ಊಟದ ಪುಟವನ್ನು ಅಮ್ಮಿ ನನ್ನಿಂದ ಮತ್ತೆ ಹೇಳಿಸಿಕೊಂಡಿಲ್ಲ, ತಾನೇ ನೋಡುತ್ತಾಳಂತೆ. ಪುಸ್ತಕ ಚೀಲದಲ್ಲಿ ಇಟ್ಟಿದ್ದೇನೆ. ಪಟ್ಟಿ ಬಿಚ್ಚಿದ ಕೂಡಲೇ ಏನು ಬೇಕು ಎಂದು ನಾನು ಕೇಳಿದೆ. "ಚಹಾ. ಆವತ್ತು ಕೆಟ್ಲಿ ಚೆಲ್ಲಿತ್ತಲ್ಲ, ಅವನೂ ಕುಡೀಲಿಲ್ಲ, ನಾನೂ ಕುಡೀಲಿಲ್ಲ" ಎಂದಳು. ದವಾಖಾನೆಯ ಗೇಟಿನ ಎದುರಿಗೇ ಚಹಾದ ಅಂಗಡಿ ಇದೆ. ಎರಡು ಕಪ್ಪು ನೀನೇ ಹಿಡಿದು ಒಳಗೆ ಬಾ.