ಐಲಿ ಮಲಗುವ ಜಾಗ

ಹ್ಯಾಂಕಾಕ್, ಮಿಶಿಗನ್
೧೯ ಅಕ್ಟೋಬರ್ ೧೯೯೮, ಬೆಳಗ್ಗೆ

ಮಗಳು ಸೈಮಾಗೆ,

ಹೇಗಿದ್ದೀಯಾ? ಚೆನ್ನಾಗೇ ಇರ್ತೀಯಾ ಬಿಡು. ಹೆತ್ತ ಅಪ್ಪನಿಗೆ ಅಂಥಾ ಕಾಗದ ಬರೆಯೋಕೆ ತ್ರಾಣ ಇರೋಳಿಗೆ ಏನಾಗಿರುತ್ತೆ? ಅದಿರು ಹಡಗಿನ ಆ ಬಿಸಿ ಅಡುಗೆಮನೆಯಲ್ಲಿ ಇಪ್ಪತ್ತೈದು ಜನಕ್ಕೆ ಬೇಯಿಸಿ ಬೇಯಿಸಿ ಬೆನ್ನು ನೋವು ಅಂದಿದ್ದೆ, ಕಮ್ಮಿ ಆಯ್ತಾ? ಈ ವಾರ ಸರೋವರದ ಮೇಲೆ ಗಾಳಿ ಜೋರು ಅಂತ ರೇಡಿಯೋದಲ್ಲಿ ಹೇಳ್ತಿದ್ರು. ಹಡಗು ತೂಗಾಡುವಾಗ ಎಣ್ಣೆ ಬಾಣಲೆ ಹತ್ತಿರ ಹೋಗಬೇಡ. ನಾನು ಗಟ್ಟಿಯಾಗಿದ್ದೀನಿ. ಐಲಿ ನನಗಿಂತ ಗಟ್ಟಿ. ಐದು ತಿಂಗಳಿಗೇ ನನ್ನ ಮೀಸೆ ಹಿಡಿದು ಎಳೀತಾಳೆ, ಕಣ್ಣಲ್ಲಿ ನೀರು ಬರೋ ಹಾಗೆ. ನಿನ್ನ ಮಗಳೇ, ಅನುಮಾನ ಬೇಡ.

ಈಗ ಜಗಳಕ್ಕೆ ಬರ್ತೀನಿ. 'ಇನ್ನೊಂದು ದೂರು ಬಂದ್ರೆ ಮಗೂನ ಲೆಂಪಿ ಚಿಕ್ಕಮ್ಮನ ಮನೆಗೆ ಕಳಿಸ್ತೀನಪ್ಪ' ಅಂತ ಬರೆದಿದ್ದೀಯಲ್ಲ, ನಿನ್ನ ಕಿವಿ ಊದಿದವರು ಯಾರು ಅಂತ ನನಗೆ ಗೊತ್ತಾಗಲ್ವಾ? ನಿಮ್ಮಮ್ಮನ ತಂಗಿ ಅನ್ನೋ ಒಂದೇ ಕಾರಣಕ್ಕೆ ಅವಳನ್ನ ನಲವತ್ತು ವರ್ಷ ಸಹಿಸಿಕೊಂಡು ಬಂದಿದ್ದೀನಿ. ನಿಮ್ಮಮ್ಮ ಹೋದಮೇಲೂ ಯಾಕೆ ಸಹಿಸ್ಕೋಬೇಕು ಹೇಳು. ಸರೋವರ ಹೆಪ್ಪುಗಟ್ಟಿ ಹಡಗುಗಳು ದಡ ಸೇರೋ ಜನವರಿ ತನಕ ಐಲಿ ನನ್ನ ಹತ್ತಿರ ಇರ್ತಾಳೆ ಅಂತ ಮಾತಾಗಿತ್ತು. ಆ ಮಾತಿನ ಮೇಲೆ ನಾನು ಮರಗೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೀನಿ. ಈ ಮನೆಯಲ್ಲಿ ಮತ್ತೆ ಒಂದು ಉಸಿರಾಡೋ ಸದ್ದು ಕೇಳಿಸ್ತಾ ಇದೆ. ಅದನ್ನ ಕಿತ್ಕೊಂಡು ಹೋಗೋಕೆ ನಾನು ಬಿಡಲ್ಲ, ತಿಳ್ಕೋ.

ಮೊದಲು ತೊಟ್ಟಿಲಿನ ವಿಷಯ. ಮೇಪಲ್ ಮರದಲ್ಲಿ ಎರಡು ತಿಂಗಳು ಕೆತ್ತಿ, ಉಜ್ಜಿ, ನುಣುಪು ಮಾಡಿ ಕೊಟ್ಟೆ. ನೀನೇನು ಮಾಡಿದೆ? ಕುಡಿದು ಬಿಸಾಕಿದ ಸೋಡಾ ಕ್ಯಾನ್ ತಂದು ತೊಟ್ಟಿಲ ಪಕ್ಕದ ಎರಡು ಪಟ್ಟಿಗಳ ನಡುವೆ ತೂರಿಸಿದೆ. ಕ್ಯಾನ್ ಆಚೆ ಬಿತ್ತು. 'ಕ್ಯಾನ್ ಹೋದ್ರೆ ಮಗು ಮೈನೂ ಜಾರುತ್ತಪ್ಪ, ತಲೆ ಸಿಕ್ಕಿಕೊಳ್ಳುತ್ತೆ' ಅಂದೆ, ಅದೂ ನನ್ನ ಸ್ನೇಹಿತರ ಎದುರಿಗೆ! ಐವತ್ತು ವರ್ಷ ಉಳಿ ಹಿಡಿದವನಿಗೆ ಅಳತೆ ಪಾಠ, ಖಾಲಿ ಡಬ್ಬ ಇಟ್ಕೊಂಡು. ಆಮೇಲೆ ಅಂಗಡಿಯಿಂದ ಆ ಬಿಳಿ ತೊಟ್ಟಿಲು ಬಂತು. ನನ್ನದರಲ್ಲಿ ಈಗ ಆಲೂಗಡ್ಡೆ ಮಲಗಿದೆ. ಅದಕ್ಕೆ ಕ್ಯಾನ್ ಪರೀಕ್ಷೆ ಇಲ್ಲ.

ಆದ್ರೂ ನೀನು ಹೇಳಿದ ಒಂದೊಂದನ್ನೂ ಪಾಲಿಸ್ತಿದ್ದೀನಿ. ಆಸ್ಪತ್ರೆ ನರ್ಸಮ್ಮ ಬರೆದುಕೊಟ್ಟ ಚೀಟೀನ ನೀನು ಫ್ರಿಜ್ ಮೇಲೆ ಅಂಟಿಸಿ ಹೋದೆ, ನಾನು ಹಾಲು ತೆಗೆಯುವಾಗಲೆಲ್ಲ ಓದಿಕೊಳ್ಳಲಿ ಅಂತ. ಅಂಗಾತಾನೇ ಮಲಗಿಸ್ತೀನಿ. ನೀನು ಕೂಸಾಗಿದ್ದಾಗ ಬೋರಲು ಮಲಗಿಸಿ ಅಂತ ಇದೇ ಊರಿನ ಡಾಕ್ಟರು ಹೇಳಿದ್ರು, ನಾವು ಮಲಗಿಸಿದ್ವಿ, ನೀನು ಬದುಕಿ ನನಗೇ ಬುದ್ಧಿ ಹೇಳೋ ಹಾಗಾಗಿದ್ದೀಯಾ. ಇರಲಿ. ಹಾಸಿಗೆ ಹಲಗೆ ಥರ ಗಟ್ಟಿ, ಮೇಲೆ ಬಿಗಿಯಾಗಿ ಎಳೆದ ಒಂದೇ ಬಟ್ಟೆ. ದಿಂಬಿಲ್ಲ, ಹೊದಿಕೆ ಇಲ್ಲ, ಗೊಂಬೆ ಇಲ್ಲ. ತೊಟ್ಟಿಲು ನನ್ನ ಮಂಚದ ಪಕ್ಕದಲ್ಲೇ. ಒಲೆಗೆ ಎರಡು ಕೊರಡು ಕಮ್ಮಿ ಹಾಕ್ತೀನಿ, ಮಗು ಬೆವರಬಾರದು ಅಂತ. ನನ್ನ ಮಂಡಿ ಚಳಿಗೆ ಕಟಕಟ ಅನ್ನುತ್ತೆ. ಪೈಪ್ ಸೇದೋದು ಬಿಟ್ಟು ಎಪ್ಪತ್ತೊಂದು ದಿನ ಆಯ್ತು. ನಿಮ್ಮಮ್ಮ ಮೂವತ್ತು ವರ್ಷ ಬೇಡಿಕೊಂಡ್ರೂ ಬಿಟ್ಟಿರಲಿಲ್ಲ.

ಇನ್ನು ನಿನ್ನ ಲೆಂಪಿ ಚಿಕ್ಕಮ್ಮ! ಎರಡು ದಿನಕ್ಕೊಂದು ಸಲ ತಪಾಸಣೆಗೆ ಬರ್ತಾಳೆ, ಬಾಗಿಲು ತಟ್ಟೋ ಅಭ್ಯಾಸ ಇಲ್ಲ. ಕಳೆದ ವಾರ ಲೇಸು ಹೆಣೆದ ದಿಂಬು ತಂದು ಮೆಲ್ಲಗೆ ತೊಟ್ಟಿಲಿಗೆ ತುರುಕಿದ್ಲು. 'ಪಾಪ, ಕೈದಿ ಥರ ಮಲಗಿಸಿದ್ದೀರಲ್ಲ ಭಾವ, ತಲೆ ಚಪ್ಪಟೆ ಆಗಲ್ವಾ?' ಅಂದ್ಲು. 'ನಿನ್ನ ತಲೆ ದುಂಡಗಿದ್ದು ಏನು ಉಪಯೋಗ ಆಯ್ತು' ಅಂತ ಕೇಳಿ ದಿಂಬು ಅವಳ ಕೈಗೇ ಕೊಟ್ಟೆ. ಆ ಉರಿಗೇ ನಿನಗೆ ಕಾಗದ ಹಾಕಿದ್ದಾಳೆ: ಮುದುಕನಿಗೆ ಎಡಗಿವಿ ಕೇಳಿಸಲ್ಲ, ಮಗೂನ ಚಳಿಯಲ್ಲಿ ಜಗಲಿ ಮೇಲೆ ತಳ್ಳುಗಾಡಿಯಲ್ಲಿ ಮಲಗಿಸ್ತಾನೆ ಅಂತ. ಅಲ್ವೇ, ನಮ್ಮ ಫಿನ್ನಿಶ್ ಜನ ಮಕ್ಕಳನ್ನ ಹಗಲು ಹೊತ್ತು ಹೊರಗಿನ ಗಾಳಿಯಲ್ಲಿ ಮಲಗಿಸದೆ ಇನ್ನೆಲ್ಲಿ ಮಲಗಿಸಿದ್ದಾರೆ? ಅವಳ ಮೂರು ಗಂಡುಮಕ್ಕಳೂ ಜಗಲಿ ಮೇಲೇ ಬೆಳೆದದ್ದು. ನಾನು ಪಕ್ಕದಲ್ಲೇ ಕೂತು ಸೌದೆ ಸೀಳ್ತಾ ಇರ್ತೀನಿ, ಬಲಗಿವಿ ಮಗು ಕಡೆಗೆ. ಅದನ್ನ ಬರೆದಳಾ ಆ ಚಾಡಿಕೋರಿ?

ಅದಕ್ಕೇ ಕಡ್ಡಿ ಮುರಿದ ಹಾಗೆ ಹೇಳ್ತೀನಿ. ಐಲಿ ಇಲ್ಲಿಂದ ಕದಲಲ್ಲ. ಲೆಂಪಿ ಈ ಹೊಸ್ತಿಲು ತುಳಿಯಬಾರದು ಅಂತ ನೀನೇ ಅವಳಿಗೆ ಬರಿ, ನಾನು ಹೇಳಿದ್ರೆ ಊರೆಲ್ಲ ಅಳ್ಕೊಂಡು ತಿರುಗ್ತಾಳೆ. ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಹಾಗಂತ ನೇರವಾಗಿ ಹೇಳು, ಪಕ್ಕದವರ ಬಾಯಲ್ಲಿ ಹೇಳಿಸಬೇಡ. ಮಗು ಸಾಕೋಕೆ ನನಗೆ ಯಾರ ಕಾವಲೂ ಬೇಕಿಲ್ಲ.

ಎಷ್ಟೇ ಸಿಟ್ಟಿದ್ರೂ ಹರಸದೆ ಕಾಗದ ಮುಗಿಸೋದು ನನಗೆ ಬರಲ್ಲ. ದೇವರು ನಿನ್ನನ್ನೂ ಆ ಹಡಗನ್ನೂ ಕಾಯಲಿ. ಡೆಟ್ರಾಯಿಟ್ ಹತ್ತಿರ ಅಂಚೆ ದೋಣಿ ಇದನ್ನ ತಂದುಕೊಟ್ಟಾಗ ನಿಂತಲ್ಲೇ ಓದು, ಉತ್ತರ ಬೇಗ ಹಾಕು.

ನಿನ್ನ ಅಪ್ಪ,
ರೈನೋ

ತಾ.ಕ.: ಸಂಜೆ ನಾಲ್ಕೂವರೆ. ಲಕೋಟೆ ಅಂಟಿಸಿರಲಿಲ್ಲ. ಮೊದಲೇ ಹೇಳ್ತೀನಿ, ಐಲಿ ಚೆನ್ನಾಗಿದ್ದಾಳೆ. ಡಾಕ್ಟರು ನೋಡಿದ್ರು, ಏನೂ ಆಗಿಲ್ಲ ಅಂದ್ರು. ಊಟ ಆದಮೇಲೆ ಅವಳಿಗೆ ಹಾಲು ಕುಡಿಸ್ತಾ ಸೋಫಾ ಮೇಲೆ ಒರಗಿದ್ದೆ. ನಿದ್ದೆ ಹೋದ್ಲು. ತೊಟ್ಟಿಲಿಗೆ ಹಾಕಬೇಕಿತ್ತು. ಎದೆ ಮೇಲೆ ಬೆಚ್ಚಗಿದ್ಲು, ಎರಡು ನಿಮಿಷ ಇರಲಿ ಅನ್ನಿಸ್ತು. ನನ್ನ ಕಣ್ಣೂ ಹತ್ತಿಬಿಡ್ತು. ಯಾರೋ ಕಿರುಚಿದ್ದು ಕೇಳಿ ಎದ್ದಾಗ ಎದೆ ಮೇಲೆ ಮಗು ಇಲ್ಲ. ನನ್ನ ಪಕ್ಕೆಗೂ ಸೋಫಾದ ಬೆನ್ನಿಗೂ ನಡುವೆ ಮುಖ ಕೆಳಗಾಗಿ ಜಾರಿದ್ಲು. ಕಿರುಚಿದ್ದು ಲೆಂಪಿ. ನನ್ನನ್ನ ಆಚೆ ತಳ್ಳಿ ಮಗೂನ ಎಳ್ಕೊಂಡ್ಲು. ತುಟಿ ನೀಲಿಯಾಗಿತ್ತು, ಸೈಮಾ. ಆಮೇಲೆ ಅತ್ಲು. ಆ ಅಳು ಕೇಳೋ ತನಕ ನಾನು ನೆಲದ ಮೇಲೆ ಕೂತಿದ್ದೆ.

ಆಸ್ಪತ್ರೆಯಿಂದ ಬರ್ತಾ ಲೆಂಪಿ ನನ್ನ ಕೈ ಹಿಡ್ಕೊಂಡು 'ಭಾವ, ನಾನು ಸೈಮಾಗೆ ಹೇಳಲ್ಲ' ಅಂದ್ಲು. ಆಣೆ ಇಟ್ಟಳು. ಅವಳು ಹೇಳದಿದ್ರೆ ಐಲಿ ಜನವರಿ ತನಕ ನನ್ನ ಹತ್ತಿರಾನೇ ಇರ್ತಾಳೆ. ಅದಕ್ಕೇ ನಾನೇ ಹೇಳ್ತಿದ್ದೀನಿ. ಮಗೂನ ಅವಳ ಜೊತೆ ಕಳಿಸಿಬಿಟ್ಟೆ.